ಕತ್ತರಿಸಿ ಉಳಿದ ದನಿ

ಲಿಸ್ಬನ್, ೧೯೭೩ ಅಕ್ಟೋಬರ್ ೮

ಈ ಸಲ ಗಿನಿಗೆ ಹೋಗುವವನು ನಾನು. ಪ್ರತಿವರ್ಷ ಹೋಗುತ್ತಿದ್ದ ಸಹೋದ್ಯೋಗಿಗೆ ಹೊಟ್ಟೆಹುಣ್ಣು. ಸಾಮ್ರಾಜ್ಯದ ಸೇವೆಗೆ ಇನ್ನೊಂದು ಹೊಟ್ಟೆ ಬೇಕಾಗಿದೆ.

ಕೆಲಸವೇನೂ ಹೊಸದಲ್ಲ. ಗಿನಿಯೂ ಸೇರಿ ಆಫ್ರಿಕದ ನಮ್ಮ ವಸಾಹತುಗಳಲ್ಲಿ ಯುದ್ಧ ಶುರುವಾಗಿ ಹನ್ನೆರಡು ವರ್ಷವಾಯಿತು. ವರ್ಷವರ್ಷವೂ ನಮ್ಮ ರೇಡಿಯೋದವರು ಅಲ್ಲಿಗೆ ಹೋಗಿ, ಸೈನಿಕರನ್ನು ಸಾಲಾಗಿ ನಿಲ್ಲಿಸಿ, ಮನೆಯವರಿಗೆ ಕ್ರಿಸ್ಮಸ್ ಶುಭಾಶಯ ಹೇಳಿಸಿ, ಟೇಪಿನಲ್ಲಿ ತುಂಬಿಕೊಂಡು ಬರುತ್ತಾರೆ. ಹಬ್ಬ ಡಿಸೆಂಬರಿನಲ್ಲಿ, ಹಾರೈಕೆ ಅಕ್ಟೋಬರಿನಲ್ಲಿ. ನಾನು ಇದುವರೆಗೆ ಲಿಸ್ಬನ್ನಿನ ಕೋಣೆಯಲ್ಲಿ ಕೂತು ಆ ಟೇಪನ್ನು ಕತ್ತರಿಸಿ ಅಂಟಿಸುವವನಾಗಿದ್ದೆ. ಕೆಮ್ಮು, ನಿಟ್ಟುಸಿರು, ತೊದಲು ಎಲ್ಲ ನೆಲಕ್ಕೆ. ಶುಭಾಶಯ ಮಾತ್ರ ಗಾಳಿಗೆ.

ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಬಂದಿತ್ತು. ನಮ್ಮ ಕಟ್ಟಡದ ಮೆಟ್ಟಿಲು ತೊಳೆದು, ಬಾಗಿಲು ಕಾದು, ನೆಲಮಾಳಿಗೆಯ ಕೋಣೆಯಲ್ಲಿರುವ ದೋನಾ ಎರ್ಮೀನಿಯಾ ಬಕೆಟ್ಟು ಕೆಳಗಿಟ್ಟಳು.

"ಸೆನ್ಯೋರ್ ಎವರಿಸ್ತು, ಗಿನಿಗೆ ಹೋಗ್ತಿದೀರಂತೆ."

"ನಂಗೇ ಮಧ್ಯಾಹ್ನ ಗೊತ್ತಾಗಿದ್ದು. ನಿಮಗೆ ಯಾರು ಹೇಳಿದ್ರು?"

"ಮೆಟ್ಟಿಲು ಒರೆಸೋಳಿಗೆ ಯಾರಾದ್ರೂ ಬಂದು ಹೇಳ್ಬೇಕಾ? ನನ್ನ ಮಗ ಅದೆಲೀನು ಅಲ್ಲೇ ಸೈನ್ಯದಲ್ಲಿ ಇದಾನಲ್ಲ. ಹೋದ ವರ್ಷ ಅವನ ಸರದಿ ಬರೋಷ್ಟ್ರಲ್ಲಿ ಟೇಪು ಮುಗೀತಂತೆ. ಈ ಸಲ ಹೆಂಗಾದ್ರೂ ಒಂದ್ ಮಾತು ಆಡಿಸಿ. ನಮ್ಮೂರಲ್ಲಿ ಎಲ್ರೂ ಪಡಖಾನೆ ರೇಡಿಯೋ ಮುಂದೆ ಕೂತಿರ್ತಾರೆ. ಮಗ ರೇಡಿಯೋದಲ್ಲಿ ಬರಲಿಲ್ಲ ಅಂದ್ರೆ ಏನೋ ಆಗಿದೆ ಅಂತ ಮಾತು."

ಆಗಲಿ ಎಂದು ಹತ್ತಿದೆ. ನನ್ನ ಮನೆಯಿರುವ ಮೂರನೇ ಮಹಡಿಯಲ್ಲಿ ಎಂದಿನಂತೆ ಜಾರಿದೆ. ಈಕೆ ಮರದ ಮೆಟ್ಟಿಲಿಗೆ ಬಳಿಯುವ ಮೇಣದಲ್ಲಿ ಒಂದು ಚರ್ಚಿಗೆ ಬತ್ತಿ ಮಾಡಿಸಬಹುದು.

ಎರ್ಮೀನಿಯಾ ಒರೆಸಿದರೆ ಮೆಟ್ಟಿಲೇ ಕನ್ನಡಿ,
ಏರುವವನ ಸೊಂಟಮುರಿತಕ್ಕೆ ಅದೇ ಮುನ್ನುಡಿ.

ಬಿಸಾವ್, ಅಕ್ಟೋಬರ್ ೧೭

ಸೆಖೆ. ಅಂಗಿ ಮೈಗೆ, ಮೈ ಕುರ್ಚಿಗೆ, ಟೇಪು ಟೇಪಿಗೆ ಅಂಟುತ್ತಿದೆ.

ಹೋದ ತಿಂಗಳು ಇಲ್ಲಿನ ಕಾಡಿನಲ್ಲಿರುವ ಬಂಡುಕೋರರು ಸ್ವಾತಂತ್ರ್ಯ ಘೋಷಿಸಿಕೊಂಡರಂತೆ. ನಮ್ಮ ರೇಡಿಯೋ ಅದನ್ನು ಹೇಳಿಲ್ಲ. ಆದ್ದರಿಂದ ಅದು ನಡೆದಿಲ್ಲ. ಆದರೆ ನಮ್ಮ ಜೀಪಿನ ಚಾಲಕ, ಈ ಊರಿನವನೇ ಆದ ಬಕಾರ್, ಒಂದು ಕವಲಿನಲ್ಲಿ ಗಾಡಿ ನಿಲ್ಲಿಸಿಬಿಟ್ಟ.

"ಆ ಕಡೆ ಬೇಡ ಯಜಮಾನ್ರೇ. ಅದು ಬೇರೆ ದೇಶ."

"ಯಾವಾಗಿಂದಯ್ಯ?"

"ಹೋದ ತಿಂಗಳಿಂದ."

"ಲಿಸ್ಬನ್ ಇನ್ನೂ ಕೊಟ್ಟೇ ಇಲ್ವಲ್ಲ."

"ಲಿಸ್ಬನ್‌ಗೆ ಪುರುಸೊತ್ತಿಲ್ಲ ಅಂತ ಅವರೇ ತಗೊಂಡ್ರು."

ನಕ್ಕೆ. ಅವನು ನಗಲಿಲ್ಲ. ಗಾಡಿ ಹಿಂದಕ್ಕೆ ತಿರುಗಿಸಿದ.

ಮಧ್ಯಾಹ್ನ ಮಾವಿನ ಮರದ ಕೆಳಗೆ ಮೈಕು. ಪಕ್ಕದಲ್ಲಿ ಮೇಜರ್ ಸಾಹೇಬರು, ಕೈಯಲ್ಲಿ ಬೆತ್ತ. ಎಲ್ಲರಿಗೂ ಒಂದೇ ಮಾತು: ಹೆಸರು, ಊರು, ಆಮೇಲೆ "ಅಪ್ಪ ಅಮ್ಮ ಬಂಧು ಬಳಗಕ್ಕೆಲ್ಲ ಕ್ರಿಸ್ಮಸ್ ಶುಭಾಶಯ, ನಾನು ಚೆನ್ನಾಗಿದೀನಿ, ಹೋಗಿ ಬರ್ತೀನಿ." ಮುಗಿಯಿತು. ಮುಂದಿನವನು. ಹುಡುಗರ ಮುಖ ನೋಡಿದರೆ ಸಾಬೂನಿನ ಜಾಹೀರಾತು ಓದುವವರೂ ಇದಕ್ಕಿಂತ ನಂಬಿಕೆಯಿಂದ ಓದುತ್ತಾರೆ.

ಅದೆಲೀನು ಸಿಕ್ಕಿದ. ತೆಳ್ಳಗಾಗಿದ್ದಾನೆ, ಅಮ್ಮನ ಹಾಗೇ ಹುಬ್ಬು. ದನಿ ಮಾತ್ರ ದಪ್ಪ, ಬಾವಿಯೊಳಗಿಂದ ಬಂದಂತೆ. ಮೈಕಿನ ಮುಂದೆ ನಿಂತವನು ಹೇಳಬೇಕಾದ್ದನ್ನು ಬಿಟ್ಟು ಬೇರೆಯೇ ಶುರುಮಾಡಿದ.

"ಅಮ್ಮಾ, ನಾನು. ಮೂರನೇ ಮಹಡಿ ಮೆಟ್ಟಿಲಿಗೆ ಅಷ್ಟೊಂದು ಮೇಣ ಹಾಕ್ಬೇಡ. ಸೆನ್ಯೋರ್ ಎವರಿಸ್ತು ಜಾರ್ತಾರಂತೆ, ಇಲ್ಲೇ ಇದಾರೆ, ನಗ್ತಿದಾರೆ. ನಿನ್ನ ಮಂಡಿಗೂ ಒಳ್ಳೇದಲ್ಲ ಅದು. ಮತ್ತೆ… ಮತ್ತೇನಪ್ಪ ಹೇಳ್ಲಿ…"

ಆಮೇಲೆ ಸುಮ್ಮನಾದ. ನಾನು ಯಂತ್ರ ನಿಲ್ಲಿಸಲಿಲ್ಲ. ಯಾಕೋ ಗೊತ್ತಿಲ್ಲ, ಕೈ ಜಿಡ್ಡಾಗಿತ್ತು.

"ಇದೇನು ಹಜಾಮತಿ ಅಂಗಡಿನಾ?" ಎಂದರು ಮೇಜರ್. "ಸಾಕು! ಮುಂದಿನವನು!"

ಹುಡುಗ ಇನ್ನೊಂದು ಅವಕಾಶ ಕೇಳಿಕೊಂಡ. ಎರಡನೆಯ ಸಲ ಸರಿಯಾಗಿ ಹೇಳಿದ. ಜೀಪಿನ ಸದ್ದು ಸೇರಿತೇನೋ ಎಂಬ ಅನುಮಾನಕ್ಕೆ ನಾನೇ ಮೂರನೆಯ ಸಲ ಹೇಳಿಸಿದೆ. ಎರಡೂ ಚೆನ್ನಾಗಿವೆ.

ಲಿಸ್ಬನ್, ಅಕ್ಟೋಬರ್ ೩೦

ಬ್ಲೇಡು, ಅಂಟುಪಟ್ಟಿ, ಕಾಫಿ. ಸುಖ.

ಬೇಜಾ ಊರಿನ ಕಸಿಮೀರು ಎಂಬ ಸೈನಿಕನ ಟೇಪು ಸೆಖೆಗೆ ಕೆಟ್ಟಿದೆ. ಹೆಸರು, ಊರು ಚೆನ್ನಾಗಿವೆ. ಶುಭಾಶಯದಿಂದ ಮುಂದೆ ಬರೀ ಗೊರಗೊರ. ಇದಕ್ಕೆ ನಮ್ಮ ಕೋಣೆಯಲ್ಲಿ ಹಳೆಯ ಮದ್ದು ಇದೆ. ಎಲ್ಲರೂ ಹೇಳುವುದು ಒಂದೇ ಮಾತು, ಆದ್ದರಿಂದ ಒಬ್ಬನ ಮಾತು ಮಿಕ್ಕಿದ್ದರೆ ಇನ್ನೊಬ್ಬನ ತಟ್ಟೆಗೆ ಬಡಿಸುತ್ತೇವೆ. ಅದೆಲೀನುವಿನ ಮೂರನೆಯ ಸಲದ್ದು ಮಿಕ್ಕಿತ್ತಲ್ಲ, ಕಸಿಮೀರುವಿನ ಹೆಸರಿಗೆ ಅದನ್ನೇ ಅಂಟಿಸಿದೆ. ಹನ್ನೆರಡು ವರ್ಷದಲ್ಲಿ ಒಬ್ಬರೂ ದೂರಿಲ್ಲ.

ಗೋಂದು ಹಚ್ಚಿ ಗಂಟಲು ಕೂಡಿಸಿದೆ ಬೆಸೆದು,
ಯಾರ ಮಗ ಯಾರಿಗೆ ಹಾರೈಸಿದನೋ ಕುಶಲದು.

ಎರಡನೆಯ ಸಾಲಿಗೆ ಪ್ರಾಸ ಸಿಕ್ಕಿತು, ಅರ್ಥ ಸಿಗಲಿಲ್ಲ. ಇರಲಿ.

ಮೆಟ್ಟಿಲಿನ ಮಾತನ್ನು ನೆಲಕ್ಕೆಸೆಯಲು ಹೋಗಿ ಬಿಸ್ಕತ್ತಿನ ಡಬ್ಬಿಗೆ ಹಾಕಿದೆ. ಅದರಲ್ಲಿ ನನ್ನ ಹೆಸರಿದೆ ಎಂಬ ಒಣ ಜಂಬ.

ನವೆಂಬರ್ ೨೧

ಬೆಳಿಗ್ಗೆ ಸೈನ್ಯದ ಕಾರು ನಮ್ಮ ಬೀದಿಗೆ ಬಂತು. ಎಲ್ಲ ಕಿಟಕಿಗಳಲ್ಲೂ ತಲೆ. ಕಾರು ಯಾರ ಬಾಗಿಲಲ್ಲಿ ನಿಲ್ಲುತ್ತದೆ ಎಂದು ಎಲ್ಲರೂ ಕಾಯುತ್ತೇವೆ, ಬೇರೆಯವರ ಬಾಗಿಲಲ್ಲಿ ನಿಂತ ಮೇಲೆ ಪರದೆ ಎಳೆಯುತ್ತೇವೆ.

ನಮ್ಮ ಬಾಗಿಲಲ್ಲೇ ನಿಂತಿತು. ಅದೆಲೀನು. ದಾರಿಯಲ್ಲಿ ಹೂತಿಟ್ಟ ಸಿಡಿಮದ್ದು.

ಡಿಸೆಂಬರ್ ೧೧

ಎರ್ಮೀನಿಯಾ ಊರಿಗೆ ಹೋಗಿ ಮಣ್ಣು ಮಾಡಿ ಬಂದಿದ್ದಾಳೆ. ತಲೆಯಿಂದ ಕಾಲಿನವರೆಗೆ ಶೋಕದ ಕಪ್ಪು ಬಟ್ಟೆ. ಪ್ಯಾರಿಸ್ಸಿನಲ್ಲಿ ಗಾರೆ ಕೆಲಸ ಮಾಡುವ ಗಂಡ ಬಂದು ಹೋದನಂತೆ.

"ಸೀಸದ ಪೆಟ್ಟಿಗೆ, ಬೆಸುಗೆ ಹಾಕ್ಬಿಟ್ಟಿದ್ರು," ಎಂದಳು. "ತೆಗೆದು ತೋರ್ಸಿ ಅಂದೆ. ಆಗಲ್ಲ ಅಂದ್ರು. ಅವರಪ್ಪ ಹೋದ ವರ್ಷಾನೇ ಅಂದಿದ್ರು ಸೆನ್ಯೋರ್, ಹುಡುಗನ್ನ ಗಡಿ ದಾಟ್ಸು, ಇಲ್ಲಿಗೆ ಕಳ್ಸು, ಅರ್ಧ ಊರಿನ ಹುಡುಗ್ರು ಫ್ರಾನ್ಸಲ್ಲೇ ಇದಾರೆ ಅಂತ. ನಾನೇ ಬೇಡ ಅಂದೆ. ಓಡಿಹೋದೋನ ತಾಯಿ ಅನ್ನಿಸ್ಕೊಳ್ಳಲ್ಲ ಅಂದೆ."

ಆಮೇಲೆ ಬಕೆಟ್ಟಿನ ಹಿಡಿ ತಿರುಗಿಸುತ್ತ ಕೇಳಿದಳು: "ಅವನ ದನಿ ನಿಮ್ಮತ್ರ ಇದೆ ಅಲ್ವಾ? ಹಬ್ಬಕ್ಕೆ ಹಾಕ್ತೀರಲ್ಲ? ಒಂದೇ ಸಲ. ಎಲ್ರ ಮಕ್ಕಳ ಜೊತೆ ಅವನ್ದೂ ಒಂದು."

ಹೇಳಿ ನೋಡುತ್ತೇನೆ ಎಂದೆ. ನಮ್ಮ ವಿಭಾಗದ ಮುಖ್ಯಸ್ಥ ವಲದಾರಿಸ್ ಪಟ್ಟಿ ಮುಂದಿಟ್ಟುಕೊಂಡು ಕೂತಿದ್ದರು. ಪ್ರತಿ ಡಿಸೆಂಬರಿನಲ್ಲೂ ಸೈನ್ಯ ಈ ಪಟ್ಟಿ ಕಳಿಸುತ್ತದೆ: ಮಾತಾಡಿದವರಲ್ಲಿ ಈಗ ಇಲ್ಲದವರು.

"ತೆಗೀರಿ," ಎಂದರು.

"ಅವನ ತಾಯೇ ಹಾಕಿ ಅಂತಿದಾರೆ."

"ಎವರಿಸ್ತು, ಸತ್ತೋನು 'ಹೋಗಿ ಬರ್ತೀನಿ' ಅಂದ್ರೆ ಕೇಳೋಕೆ ಚೆನ್ನಾಗಿರುತ್ತೇನ್ರೀ? ಜನ ಹಬ್ಬದ ಮೀನು ತಿಂತಿರ್ತಾರೆ."

ತೆಗೆದೆ. ಅವನ ಹೆಸರಿನಿಂದ ಹಿಡಿದು ಕೊನೆಯ ಮಾತಿನವರೆಗೆ ಒಂದು ಮಾರುದ್ದದ ಸುರುಳಿ. ಕೆಲಸ ಅಚ್ಚುಕಟ್ಟಾಗಿದೆ. ಕತ್ತರಿಸಿದ ಜಾಗ ಕೇಳಿಸುವುದಿಲ್ಲ.

ಡಿಸೆಂಬರ್ ೨೬

ಬಾಗಿಲು ಬಡಿತ. ಎರ್ಮೀನಿಯಾ. ಬರಿಗಾಲು, ಕಣ್ಣು ಊದಿದೆ, ಮುಖದಲ್ಲಿ ನಗು. ಹೆದರಿಕೆಯಾಯಿತು.

"ಬದುಕಿದಾನೆ."

"ಯಾರು?"

"ನನ್ನ ಮಗ. ನಿನ್ನೆ ರೇಡಿಯೋದಲ್ಲಿ ಬಂದ. ಹೆಸರು ಮಾತ್ರ ಬೇರೆ. ಕಸಿಮೀರು, ಬೇಜಾ. ಆದ್ರೆ ದನಿ ಅವನ್ದೇ. ಆ 'ಚೆನ್ನಾಗಿದೀನಿ' ನನ್ನ ಹೊಟ್ಟೇಲಿ ಹುಟ್ಟಿದ್ದು ಸೆನ್ಯೋರ್, ನನಗೆ ಗೊತ್ತಾಗಲ್ವಾ?"

ಕೂರಲು ಹೇಳಿದೆ. ಕೂರಲಿಲ್ಲ.

"ಓಡಿಹೋಗಿದಾನೆ. ಕೊನೆಗೂ ಅಪ್ಪನ ಮಾತು ಕೇಳಿದಾನೆ. ಬೇರೆಯವನ ಹೆಸರಿಟ್ಕೊಂಡು ಎಲ್ಲೋ ಇದಾನೆ. ಪೆಟ್ಟಿಗೇಲಿ ಯಾರನ್ನ ಇಟ್ಟಿದ್ರೋ, ಪಾಪ. ಅದಕ್ಕೇ ತೆಗೀಲಿಲ್ಲ. ನೀವೇ ಹೇಳಿ, ಇರಬಹುದಲ್ವಾ?"

ಆ ಮೂರನೆಯ ಸಲದ್ದನ್ನು ನಾನು ಪೂರ್ತಿ ಮರೆತಿದ್ದೆ. ಪಟ್ಟಿಯಲ್ಲಿದ್ದ ಹೆಸರನ್ನು ತೆಗೆದಿದ್ದೆ. ಕಸಿಮೀರು ಪಟ್ಟಿಯಲ್ಲಿರಲಿಲ್ಲ.

"ಇರಬಹುದು," ಎಂದೆ.

ಬೇರೆ ಏನು ಹೇಳುವುದಿತ್ತು? ಹಬ್ಬದ ಶುಭಾಶಯಗಳು ಅಂಟುಪಟ್ಟಿಯವು ಎಂದು ಹೊರಗೆ ಹೇಳಿದವನಿಗೆ ಕೆಲಸ ಹೋಗುವುದು ಮೊದಲು, ಗುಪ್ತ ಪೊಲೀಸರು ಬರುವುದು ಆಮೇಲೆ. ಇಷ್ಟು ಕಾರಣ ಸಾಕು. ನೋಡಿದರೆ, ಅಷ್ಟು ಬೇಗ ಹೇಳಿಬಿಟ್ಟೆ, ಕಾರಣ ಆಮೇಲೆ ಹೊಳೆದದ್ದು.

೧೯೭೪ ಜನವರಿ ೧೪

ಎರ್ಮೀನಿಯಾ ಕಪ್ಪು ಬಿಟ್ಟಳು. ನೀಲಿ ಹೂವಿನ ಏಪ್ರನ್. ಎರಡನೇ ಮಹಡಿಯ ಮುದುಕಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. "ಮಗ ಸತ್ತು ಎರಡು ತಿಂಗಳಾಗಿಲ್ಲ, ಇವಳಿಗೆ ಹೂವು ಬೇಕಾಯ್ತಾ?"

ಸೀಸದ ಪೆಟ್ಟಿಗೆ ತೆಗೆಸಿ ಎಂದು ಅರ್ಜಿ ಬರೆಸಲು ನನ್ನ ಹತ್ತಿರ ಬಂದಳು. ಬರೆದುಕೊಟ್ಟೆ. ಚೆನ್ನಾಗಿಯೇ ಬರೆದೆ.

ಫೆಬ್ರವರಿ ೨೦

ಮೆಟ್ಟಿಲು ಹಿಂದೆಂದಿಗಿಂತ ಹೊಳೆಯುತ್ತಿದೆ. ಖುಷಿಗೆ ಎರಡು ಕೈ ಮೇಣ. ಕಂಬಿ ಹಿಡಿದು ಇಳಿದೆ.

ಅರ್ಜಿಗೆ ಉತ್ತರವಿಲ್ಲ.

ಏಪ್ರಿಲ್ ೨೬

ನಿನ್ನೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬಾಗಿಲಲ್ಲಿ ಟ್ಯಾಂಕು. ಸರ್ಕಾರ ಬಿದ್ದಿದೆ. ಬೀಳಿಸಿದವರು ಶತ್ರುಗಳಲ್ಲ, ನಮ್ಮದೇ ಸೈನ್ಯದ ಕ್ಯಾಪ್ಟನ್‌ಗಳು. ಬಂದೂಕಿನ ಬಾಯಿಗೆ ಜನ ಕೆಂಪು ಕಾರ್ನೇಷನ್ ಸಿಕ್ಕಿಸುತ್ತಿದ್ದರು. ಸಾಯಂಕಾಲದ ಹೊತ್ತಿಗೆ ವಲದಾರಿಸ್ ಅವರ ಕೋಟಿನ ಗುಂಡಿಗೂ ಒಂದು ಬಂದಿತ್ತು, ಎಲ್ಲರಿಗಿಂತ ದೊಡ್ಡದು.

ನಮ್ಮ ನಿಲಯಕ್ಕೆ ಮೊರ್ಗಾದು ಎಂಬ ಕ್ಯಾಪ್ಟನ್ ಮೇಲ್ವಿಚಾರಕ. ನನ್ನ ವಯಸ್ಸಿಗಿಂತ ಹತ್ತು ವರ್ಷ ಚಿಕ್ಕವನು, ಮುಖಕ್ಕೆ ಹತ್ತು ಜಾಸ್ತಿ. ಗಿನಿಗೆ ಎರಡು ಸಲ, ಅಂಗೋಲಾಕ್ಕೆ ಒಂದು ಸಲ ಹೋಗಿ ಬಂದಿದ್ದಾನೆ.

"ಇನ್ಮೇಲೆ ಯಾರಿಗೂ ಹೆದರ್ಬೇಕಾಗಿಲ್ಲ," ಎಂದ ನಮ್ಮನ್ನೆಲ್ಲ ನಿಲ್ಲಿಸಿ.

ಗುಪ್ತ ಪೊಲೀಸರು ಇನ್ನಿಲ್ಲ. ಅಂದರೆ ಡಿಸೆಂಬರಿನಲ್ಲಿ ಬರೆದಿಟ್ಟ ಕಾರಣಗಳಲ್ಲಿ ಎರಡನೆಯದು ಹೋಯಿತು. ಮೆಟ್ಟಿಲಲ್ಲಿ ಎರ್ಮೀನಿಯಾ ನನ್ನ ಕೈಗೂ ಒಂದು ಹೂವಿಟ್ಟಳು. "ಇನ್ನು ಓಡಿಹೋದೋರೆಲ್ಲ ವಾಪಸ್ ಬರಬಹುದಂತೆ. ಅವನೂ ಬರ್ತಾನೆ."

ಹೂವನ್ನು ಲೋಟದಲ್ಲಿಟ್ಟೆ.

ಜುಲೈ ೨೮

ನಿನ್ನೆ ಘೋಷಣೆಯಾಯಿತು: ವಸಾಹತುಗಳಿಗೆಲ್ಲ ಸ್ವಾತಂತ್ರ್ಯ. ಐನೂರು ವರ್ಷದ ಅಂಗಡಿಗೆ ಬಾಗಿಲು.

ಮೊರ್ಗಾದು ಒಂದು ಕಾರ್ಯಕ್ರಮ ಮಾಡಲು ಹೇಳಿದ್ದಾನೆ, 'ಬಿಡುಗಡೆ ಏಕೆ?' ಎಂದು. ಬಲ್ಲವರನ್ನೆಲ್ಲ ಕೂರಿಸಿ ಕೇಳಿದೆವು. ಅರ್ಥಶಾಸ್ತ್ರದ ಪ್ರೊಫೆಸರು: ಬೊಕ್ಕಸದ ಅರ್ಧದಷ್ಟು ಯುದ್ಧವೇ ತಿನ್ನುತ್ತಿತ್ತು. ಇತಿಹಾಸದವರು: ಬೇರೆ ಸಾಮ್ರಾಜ್ಯಗಳೆಲ್ಲ ಎಂದೋ ಚಾಪೆ ಸುತ್ತಿದವು, ನಾವು ಬಡವರು, ಬಡವರಿಗೆ ಚಾಪೆಯ ಮೇಲೆ ಮೋಹ ಹೆಚ್ಚು. ಪಾದ್ರಿಗಳು: ಅಂತಃಸಾಕ್ಷಿ. ಅಂತಃಸಾಕ್ಷಿ ಹನ್ನೆರಡು ವರ್ಷ ಎಲ್ಲಿತ್ತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ನನ್ನದು ಬ್ಲೇಡಿನ ಕೆಲಸ.

ಕಾಫಿ ಕುಡಿಯುವಾಗ ಮೊರ್ಗಾದುವನ್ನೇ ಕೇಳಿದೆ.

"ಗೆಲ್ಲೋಕಾಗ್ತಿರಲಿಲ್ಲ, ಇನ್ನೇನು?" ಎಂದ. "ಗಿನಿಯಲ್ಲಿ ಅವರು ನಮ್ಮ ವಿಮಾನಾನ ನೆಲದ ಮೇಲಿಂದ್ಲೇ ಹೊಡೆದು ಕೆಡವೋಕೆ ಶುರುಮಾಡಿದ್ರು. ಇಲ್ಲಿ ಮಂತ್ರಿಗಳು ಇನ್ನೂ ಭೂಪಟದ ಮೇಲೆ ಬಣ್ಣ ಹಚ್ತಿದ್ರು. ಕ್ಯಾಪ್ಟನ್‌ಗಳು ಸಾಲ್ದೆ ಹೋದ್ರು. ನನ್ನನ್ನ ನಾಲ್ಕನೇ ಸಲ ಹೊರಡು ಅಂದ್ರು. ನನ್ನ ಮಗಳು ನನ್ನನ್ನ 'ಮಾಮ' ಅಂತಾಳೆ ಕಣ್ರೀ."

ಇದನ್ನೂ ಮೈಕಿನ ಮುಂದೆ ಹೇಳಿ ಎಂದೆ. ತಲೆಯಾಡಿಸಿ ಎದ್ದು ಹೋದ.

ಸೆಪ್ಟೆಂಬರ್ ೧೧

ನಿನ್ನೆ ನಮ್ಮ ಸರ್ಕಾರ ಗಿನಿಯ ಸ್ವಾತಂತ್ರ್ಯವನ್ನು ವಿಧಿವತ್ತಾಗಿ ಒಪ್ಪಿಕೊಂಡಿತು. ಬಕಾರ್ ಜೀಪು ತಿರುಗಿಸಿ ಹತ್ತಿರ ಹತ್ತಿರ ಒಂದು ವರ್ಷ. ಲಿಸ್ಬನ್ನಿಗೆ ಕೊನೆಗೂ ಪುರುಸೊತ್ತಾಯಿತು.

ಸೈನಿಕರ ಹಡಗುಗಳು ಒಂದೊಂದಾಗಿ ಬರುತ್ತಿವೆ. ಬಂದ ಪ್ರತಿ ಹಡಗಿಗೂ ಎರ್ಮೀನಿಯಾ ಬಂದರಿಗೆ ಹೋಗುತ್ತಾಳೆ, ನೀಲಿ ಏಪ್ರನ್ನಿನ ಮೇಲೆ ಒಳ್ಳೆಯ ಕೋಟು ಹಾಕಿಕೊಂಡು. ಇವತ್ತು ಧ್ವನಿಮುದ್ರಣಕ್ಕೆ ನಾನೂ ಅಲ್ಲಿದ್ದೆ. ಇಳಿಯುವ ಒಬ್ಬೊಬ್ಬನ ಮುಖವನ್ನೂ ಅವಳು ನೋಡುತ್ತಿದ್ದ ರೀತಿ ನೋಡಲಾರದೆ ಯಂತ್ರದ ಮುಳ್ಳು ನೋಡಿದೆ. ಕೊನೆಯವನೂ ಇಳಿದ ಮೇಲೆ ನನ್ನ ಹತ್ತಿರ ಬಂದಳು.

"ಮುಂದಿನ ಹಡಗಲ್ಲಿ ಇರಬಹುದು ಅಲ್ವಾ?"

ಬಾಯಿ ತೆರೆದೆ. ಹಡಗು ಶಿಳ್ಳೆ ಹೊಡೆಯಿತು. ಹೊಡೆಯದಿದ್ದರೆ ಏನು ಹೇಳುತ್ತಿದ್ದೆನೋ, ಗೊತ್ತಿಲ್ಲ. ಬಹುಶಃ ಅದೇ ಮಾತು.

ಅಕ್ಟೋಬರ್ ೧೬

ಗಿನಿಯಿಂದ ಕೊನೆಯ ಸೈನಿಕರೂ ಬಂದಾಯಿತು. ಎರ್ಮೀನಿಯಾ ಮೊನ್ನೆಯಿಂದ ಕಂಡಿರಲಿಲ್ಲ. ಇವತ್ತು ಸಂಜೆ ಬಂದು ಬಾಗಿಲಲ್ಲಿ ನಿಂತಳು. ಮೈತುಂಬ ಕಪ್ಪು.

"ಬೇಜಾಗೆ ಹೋಗಿದ್ದೆ," ಎಂದಳು. "ಕಸಿಮೀರು ಇದಾನೆ. ಬೇರೆ ಹುಡುಗ. ಒಳ್ಳೇ ಹುಡುಗ. ಕೀರಲು ದನಿ. ಅವರಮ್ಮ ಕೋಸಿನ ಸೂಪು ಕೊಟ್ಲು. ಅವಳೂ ಹೋದ ಕ್ರಿಸ್ಮಸ್ಸಿಂದ ತಲೆ ಕೆಡಿಸ್ಕೊಂಡಿದಾಳೆ. ಹೆಸರು ಹೇಳುವಾಗ ನನ್ನ ಮಗ, ಚೆನ್ನಾಗಿದೀನಿ ಅನ್ನೋವಾಗ ಬೇರೆ ಯಾರೋ, ಅಂತಾಳೆ. ಊರಲ್ಲಿ ಯಾರೂ ನಂಬಲಿಲ್ವಂತೆ."

ಕುರ್ಚಿ ಎಳೆದೆ. ಕೂರಲಿಲ್ಲ.

"ನೀವು ಅಂಟಿಸಿದ್ದಾ?"

"ಹೌದು."

"ಗೊತ್ತಿದ್ದೂ 'ಇರಬಹುದು' ಅಂದ್ರಾ?"

"ಹೌದು."

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಇಬ್ಬರಿಗೂ ಸುಲಭವಾಗುತ್ತಿತ್ತು. ಅವಳು ಗೋಡೆಗೆ ಕೈಯೂರಿ ಉಸಿರು ತೆಗೆದುಕೊಂಡಳು.

"ಹೋದ ವರ್ಷ ಸೆಪ್ಟೆಂಬರಲ್ಲೇ ಗಿನಿಯವರು ನಮ್ದು ನಮ್ಗೆ ಅಂದಿದ್ರಂತಲ್ಲ. ಬಂದರಲ್ಲಿ ಹುಡುಗ್ರು ಹೇಳ್ತಿದ್ರು. ಈ ಸೆಪ್ಟೆಂಬರಲ್ಲಿ ಕೊಟ್ರಿ. ಅದನ್ನೇ ಆವಾಗ್ಲೇ ಕೊಟ್ಟಿದ್ರೆ ಏನಾಗ್ತಿತ್ತು ಸೆನ್ಯೋರ್? ನೀವು ಓದ್ದೋರು, ಅದೇನೋ ಕಾರ್ಯಕ್ರಮಾನೂ ಮಾಡ್ತಿದೀರಲ್ಲ. ಹೇಳಿ."

ಮೂವರು ಬಲ್ಲವರ ಟೇಪು ನನ್ನ ಕೋಣೆಯಲ್ಲಿದೆ. ಅದನ್ನು ಕೇಳಿ ಎನ್ನಲಿಲ್ಲ.

"ಇನ್ನೊಂದು ಮಾತು ಆಡಿದ್ದ ಅವನು," ಎಂದೆ. "ಮೊದಲನೇ ಸಲ. ಅದನ್ನ ಎಲ್ಲೂ ಹಾಕಿಲ್ಲ. ನಾಳೆ ನಿಲಯಕ್ಕೆ ಬನ್ನಿ, ಕೇಳಿಸ್ತೀನಿ."

"ನಂಗೊಬ್ಳಿಗೆ ಬೇಡ," ಎಂದಳು. "ಊರಿಗೆಲ್ಲ ಸುಳ್ಳು ಕೇಳ್ಸಿದೀರಿ. ಇದನ್ನೂ ಊರಿಗೆಲ್ಲ ಕೇಳ್ಸಿ. ಆಮೇಲೆ ನಾನು ಕೇಳ್ತೀನಿ."

ಅಕ್ಟೋಬರ್ ೧೮

ಮೊರ್ಗಾದುವಿಗೆ ಎಲ್ಲ ಹೇಳಿದೆ: ಮೂರನೆಯ ಸಲದ್ದು, ಕಸಿಮೀರು, ನನ್ನ 'ಇರಬಹುದು'. ವಲದಾರಿಸ್ ಪಕ್ಕದಲ್ಲಿದ್ದು, "ಹಿಂದಿನ ಸರ್ಕಾರದ ಪದ್ಧತಿಗಳು," ಎಂದು ತಲೆಯಾಡಿಸಿದರು, ಆ ಸರ್ಕಾರ ತಮ್ಮ ಕೋಣೆಯಲ್ಲಿ ಎಂದೂ ಕೂತೇ ಇರಲಿಲ್ಲವೆಂಬಂತೆ.

ಬಿಸ್ಕತ್ತಿನ ಡಬ್ಬಿಯಿಂದ ಸುರುಳಿ ತೆಗೆದು ಹಾಕಿದೆ. ಮೆಟ್ಟಿಲು, ಮೇಣ, ಮಂಡಿ. "ಮತ್ತೇನಪ್ಪ ಹೇಳ್ಲಿ." ಆಮೇಲೆ ಮೌನ, ಮಾವಿನ ಎಲೆ, ದೂರದಲ್ಲೊಂದು ಕೋಳಿ. ಕೊನೆಗೆ ಮೇಜರ್: "ಸಾಕು! ಮುಂದಿನವನು!"

"ಬಿಡುಗಡೆಯ ಕಾರಣಗಳ ನಡುವೆ ಇದನ್ನ ಎಲ್ಲಿ ಹಾಕ್ತೀರಿ?" ವಲದಾರಿಸ್ ಕೇಳಿದರು. "ಇದರಲ್ಲಿ ಕಾರಣ ಎಲ್ಲಿದೆ?"

ಮೊರ್ಗಾದು ಸಿಗರೇಟು ಹಚ್ಚಿ ಮರೆತಿದ್ದ. "ಕೊನೇಲಿ ಹಾಕಿ," ಎಂದ. "ಆ ಮೇಜರ್ ಕೂಗೂ ಇರಲಿ. ಮುಂದಿನವನು, ಮುಂದಿನವನು ಅಂತ ಹನ್ನೆರಡು ವರ್ಷ ಕೂಗಿದ್ವಿ. ಆಮೇಲೆ ಯಾರೂ ಬರಲಿಲ್ಲ." ಬೂದಿ ಮೇಜಿನ ಮೇಲೆ ಬಿತ್ತು. "ಆ ಮೌನ ಉದ್ದ ಇದೆ ಅಂತ ಕತ್ತರಿಸ್ಬೇಡಿ."

ಕತ್ತರಿಸಲಿಲ್ಲ. ಬ್ಲೇಡನ್ನು ಕಾಗದದಲ್ಲಿ ಸುತ್ತಿಟ್ಟೆ.

ಅಕ್ಟೋಬರ್ ೨೧

ನಿನ್ನೆ, ಭಾನುವಾರ ಮಧ್ಯಾಹ್ನ, 'ಬಿಡುಗಡೆ ಏಕೆ?' ಪ್ರಸಾರವಾಯಿತು. ಕೊನೆಯಲ್ಲಿ, ಆ ಸುರುಳಿಗೆ ಮೊದಲು, ಅದೆಲೀನುವಿನ ಹೆಸರು, ಊರು ನಾನೇ ಓದಿದೆ. ಹೋದ ಕ್ರಿಸ್ಮಸ್ಸಿಗೆ ಇವನ ದನಿಯನ್ನು ಬೇರೆ ಹೆಸರಿಗೆ ಅಂಟಿಸಿದವನು ನಾನು ಎಂದೂ ಓದಿದೆ. ಮುದ್ರಿಸಿಕೊಳ್ಳುವಾಗ ಒಂದು ಕಡೆ ತೊದಲಿದೆ. ಇನ್ನೊಮ್ಮೆ ಓದೋಣವೇ ಎಂದು ಸಹಾಯಕ ಕೇಳಿದ. ಬೇಡ ಎಂದೆ.

ಎರ್ಮೀನಿಯಾ ನೆಲಮಾಳಿಗೆಯಲ್ಲಿ ಬಾಗಿಲು ಹಾಕಿಕೊಂಡು ಕೇಳಿದಳಂತೆ. ನಾನು ಬಂದಾಗ ರೇಡಿಯೋ ಆರಿತ್ತು, ಬಾಗಿಲು ಮುಚ್ಚಿಯೇ ಇತ್ತು.

ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಟೆ. ರೂಢಿಯಂತೆ ಕಂಬಿ ಹಿಡಿದು ಕಾಲಿಟ್ಟೆ. ಮೆಟ್ಟಿಲು ತೊಳೆದಾಗಿತ್ತು, ಇನ್ನೂ ಅಂಚಿನಲ್ಲಿ ಒದ್ದೆ. ಹೊಳಪಿರಲಿಲ್ಲ. ಬಗ್ಗಿ ಬೆರಳಾಡಿಸಿದೆ: ಬರಿಯ ಮರ, ಒರಟು. ಕೆಳಗೆ ಇಣುಕಿದರೆ ಎರಡನೇ ಮಹಡಿ ಎಂದಿನಂತೆ ಕನ್ನಡಿ, ಒಂದನೆಯದೂ ಕನ್ನಡಿ. ನನ್ನ ಮಹಡಿಯದೊಂದಕ್ಕೇ ಮೇಣವಿಲ್ಲ.

ಕಂಬಿ ಬಿಟ್ಟು ಇಳಿದೆ.